ಮೊಟ್ಟೆ ಚೆಂಡಿನ ತಾಲೀಮು

ಆ ಸೀಡಿ ನೀಲಿ ಕವರಿನಲ್ಲಿತ್ತು ಎಂದು ಬರೆಯಲು ಹೊರಟವನು ಅಲ್ಲೇ ನಿಂತೆ. ನೀಲಿ ಎಂದು ನನಗೆ ಹೇಳಿದವರು ಯಾರು? ತಮಿಳುನಾಡಿನ ಗಡಿಯೊಳಗಿನ ನಮ್ಮ ತಾಳವಾಡಿಯ ಬಸ್ ಸ್ಟ್ಯಾಂಡಿನ ಎದುರಿಗೆ ಆಗ ನನ್ನದೊಂದು ಅಂಗಡಿಯಿತ್ತು. ಸೀಡಿ ಬಾಡಿಗೆಗೆ ಕೊಡುವುದು, ಜೆರಾಕ್ಸ್ ಮಾಡುವುದು. ಒಂದು ಗೋಡೆ ತುಂಬ ಕನ್ನಡದ ಸೀಡಿ, ಎರಡು ಗೋಡೆ ತುಂಬ ತಮಿಳಿನದು. ಅಷ್ಟು ಬಣ್ಣಗಳ ನಡುವೆ ಒಂದು ಕವರಿನ ಬಣ್ಣ ನೆನಪಿದೆ ಎನ್ನುವವನನ್ನು ನಾನೇ ನಂಬುವುದಿಲ್ಲ. ಬಣ್ಣ ಬಿಟ್ಟೆ. ಒಳಗೇನಿತ್ತು ಎಂಬುದನ್ನು ಮಾತ್ರ ಆಣೆ ಇಟ್ಟು ಹೇಳಬಲ್ಲೆ, ಏಕೆಂದರೆ ಆ ಬೇಸಿಗೆಯಲ್ಲಿ ಅದನ್ನು ನಾನು ಮೂವತ್ತು ಸಲವಾದರೂ ನೋಡಿದ್ದೇನೆ. ಚೆಂಡನ್ನು ಕೈಯಲ್ಲೂ ಹಿಡಿದು ಆಡುವ, ಆಸ್ಟ್ರೇಲಿಯಾದವರದೇ ಫುಟ್‌ಬಾಲಿನ ಒಂದು ತಂಡ, ಪಂದ್ಯಗಳು ಶುರುವಾಗುವುದಕ್ಕೆ ಮುಂಚಿನ ತಿಂಗಳುಗಳಲ್ಲಿ ತಾಲೀಮು ಮಾಡುತ್ತಿತ್ತು. ಬರೀ ತಾಲೀಮು.

ತಂದವರು ಪೀಟಿ ಸಾರ್. ಹಾಸನೂರು ಕಡೆಯವರು, ನಮ್ಮಲ್ಲಿ ಒಂದು ಸ್ಕೂಲಿನಲ್ಲಿ ಆಟ ಹೇಳಿಕೊಡುತ್ತಿದ್ದರು. ಕೊಯಮತ್ತೂರಿನಲ್ಲಿ ಒಂದು ವಾರದ ಕ್ಯಾಂಪಿಗೆ ಹೋಗಿದ್ದರು. ಅಲ್ಲಿಗೆ ಬಂದಿದ್ದ ಪರದೇಶದ ಕೋಚು ಒಬ್ಬೊಬ್ಬರಿಗೂ ಒಂದು ಚೆಂಡು, ಒಂದು ಸೀಡಿ ಕೊಟ್ಟು ಕಳಿಸಿದ್ದರಂತೆ. ಸಾರ್ ಮನೆಯಲ್ಲಿ ಪ್ಲೇಯರ್ ಇರಲಿಲ್ಲ. ನನ್ನ ಅಂಗಡಿಯಲ್ಲಿತ್ತು. ಚೆಂಡು ನಮ್ಮ ಕಡೆಯ ಚೆಂಡಿನ ಹಾಗೆ ಗುಂಡಗಿರಲಿಲ್ಲ, ಎರಡು ತುದಿಗೂ ಚೂಪಾಗಿ ಉದ್ದಕ್ಕಿತ್ತು. ಅದನ್ನು ಮೊದಲ ಸಲ ಕೈಗೆ ತೆಗೆದುಕೊಂಡವನು ನನ್ನ ಭಾವ.

"ಇದೇನ್ಲಾ, ಬಸ್ಸಿನ್ ಚಕ್ರುಕ್ಕೆ ಸಿಕ್ಕಿ ಬಂದಂಗದೆ?"

"ವಸಿ ಮರ್ಯಾದೆ ಕೊಡಪ್ಪಾ. ಪಾರಿನ್ ಚೆಂಡು," ಅಂದರು ಪೀಟಿ ಸಾರ್.

"ಕೋಳಿ ಎಷ್ಟ್ ದೊಡ್ಡುದ್ ಇದ್ದದು ಸಾ, ಇಂತ ಮೊಟ್ಟೆ ಇಕ್ಬೇಕಾರೆ?"

ಅವತ್ತಿನಿಂದ ಅದು ಮೊಟ್ಟೆ ಚೆಂಡು.

ಭಾವ ಎಂದರೆ ನನ್ನ ಅಕ್ಕನ ಗಂಡ, ನಮ್ಮ ಸೋದರಮಾವನ ಮಗ. ಅಕ್ಕನಿಗೆ ತಾಳಿ ಕಟ್ಟುವ ಮುಂಚೆಯೂ ಅವನು ನನಗೆ ಭಾವನೇ ಆಗಿದ್ದ, ಹಾಗಾಗಿ ಬಹುವಚನದ ಮಾತು ನಮ್ಮ ನಡುವೆ ಎಂದೂ ಬರಲಿಲ್ಲ. ಗೆಟ್ಟವಾಡಿಯವನು. ಹೊಲಗಳಿಂದ ಲಾರಿಗೆ ಕೋಸು ತುಂಬುವ ಎಂಟು ಜನರ ಗ್ಯಾಂಗಿನಲ್ಲಿದ್ದ. ಈ ಕೆಲಸ ನೋಡದವರಿಗೆ ಹೇಳಬೇಕು. ಕೊಯ್ದ ಕೋಸನ್ನು ಹೊಲದ ಬದಿಗೆ ರಾಶಿ ಹಾಕುತ್ತಾರೆ. ರಾಶಿಯಿಂದ ಒಬ್ಬ ಬಗ್ಗಿ ಎತ್ತಿ ಕೊಡುತ್ತಾನೆ, ಇನ್ನೊಬ್ಬ ಇಸಿದುಕೊಂಡು ಮೇಲಕ್ಕೆ ಎಸೆಯುತ್ತಾನೆ. ಲಾರಿಯ ಮೇಲೆ ಹಲಗೆಯ ಮೇಲೆ ನಿಂತವನು ಅದನ್ನು ಹಿಡಿದು, ಎಡಗಡೆ ಕುಕ್ಕರಗಾಲಲ್ಲಿ ಕೂತು ಜೋಡಿಸುವವನಿಗೆ ದಾಟಿಸುತ್ತಾನೆ. ಹೀಗೆ ಎರಡು ಸಾಲು, ಬೆಳಿಗ್ಗೆಯಿಂದ ಲಾರಿ ತುಂಬುವ ತನಕ. ಹಿಡಿಯುವವನದು ದೊಡ್ಡ ಕೆಲಸ. ಕೋಸು ಅವನ ಕೈಗೆ ಬಿದ್ದ ಸದ್ದು ಕೇಳಬಾರದು. ಅವನು ಅದನ್ನು ನಿಲ್ಲಿಸಲೂಬಾರದು. ಬಂದ ವೇಗದಲ್ಲೇ ಅದರ ದಾರಿಯನ್ನು ಎಡಕ್ಕೆ ತಿರುಗಿಸಬೇಕು. ಅಷ್ಟರಲ್ಲಿ ಮುಂದಿನದು ಮೇಲೆ ಬರುತ್ತಿರುತ್ತದೆ.

ಭಾವ ಆ ಹಲಗೆಯ ಮೇಲೆ ನಿಲ್ಲುತ್ತಿದ್ದವನು. ನಿಲ್ಲಲೇಬೇಕಾಗಿದ್ದವನು. ಅದಕ್ಕೂ ಎರಡು ವರ್ಷ ಹಿಂದೆ ಆಲೂಗಡ್ಡೆ ಮೂಟೆ ಎತ್ತುವಾಗ ಅವನ ಬೆನ್ನು ಹೋಗಿತ್ತು. ಇನ್ನು ಬಗ್ಗಬೇಡ, ಎತ್ತಬೇಡ ಎಂದು ಚಾಮರಾಜನಗರದ ಡಾಕ್ಟರು ಹೇಳಿ ಕಳಿಸಿದ್ದರು. ಗ್ಯಾಂಗಿನಲ್ಲಿ ಬಗ್ಗದೆ ಮಾಡುವ ಕೆಲಸ ಅದೊಂದೇ, ಮೇಲೆ ನಿಂತು ಹಿಡಿಯುವುದು. ಆದರೆ ಆ ವರ್ಷ ಭಾವನ ಕೈಯಿಂದ ಕೋಸು ಬೀಳತೊಡಗಿತು. ಅಷ್ಟೆತ್ತರದಿಂದ ಬೀಳುವ ಕೋಸು ಕೆಳಗಿನವರ ತಲೆ ನೋಡಿಕೊಂಡೇ ಬೀಳುತ್ತದೆ.

ಮೇಸ್ತ್ರಿ, ಅಂದರೆ ಗ್ಯಾಂಗಿನ ಯಜಮಾನ, ಕೆಟ್ಟವರೇನಲ್ಲ. ನಮ್ಮ ಅಂಗಡಿಯ ಮುಂದೆಯೇ ನಿಂತು ಭಾವನಿಗೆ ಹೇಳಿದರು.

"ನೋಡು ಮಗ, ಮೂರು ದಪ ಬಿತ್ತು. ನಾಕ್ನೇದು ನನ್ ಮಂಡೆ ಮ್ಯಾಲೇ ಬಿತ್ತು. ಉಗಾದಿ ಕಳುದ್ ಮ್ಯಾಲೆ ದೊಡ್ ಲೋಡು ಸುರುವಾಯ್ತದೆ. ಅವತ್ತು ನೋಡ್ಮ. ಕೈ ನೆಟ್ಟಗಿದ್ರೆ ಮ್ಯಾಲೆ ನಿಂತ್ಕೊ. ಇಲ್ದೇ ಓದ್ರೆ ಕೆಳಿಕ್ ಬಾ."

"ಕೆಳಗ್ ಬಂದು ಏನ್ ಮಾಡ್ಲಿ ಮೇಸ್ತ್ರಿ? ಬಗ್ಗಕಾಗಲ್ವಲ್ಲ."

"ಅದ ನಾನೆಂಗ್ ಯೋಳ್ಲಿ?"

ಭಾವ ನಗುತ್ತಲೇ ಇದ್ದ. ಇದು ನನಗೆ ಸ್ಪಷ್ಟವಾಗಿ ನೆನಪಿದೆ, ಅದಕ್ಕೇ ಅನುಮಾನ. ಅವನು ಯಾವಾಗಲೂ ನಗುತ್ತಿದ್ದ. ಬೇರೆ ಯಾವುದೋ ದಿನದ ನಗುವನ್ನು ನಾನು ತಂದು ಇಲ್ಲಿ ಅಂಟಿಸಿರಬಹುದು.

ಲೋಡು ಕಮ್ಮಿ ಇದ್ದ ಎರಡು ತಿಂಗಳು ಗ್ಯಾಂಗಿಗೆ ಸಂಜೆ ಹೊತ್ತು ಕೆಲಸವಿರಲಿಲ್ಲ. ಆ ಆಟದ ಒಂದು ತಂಡಕ್ಕೆ ಹದಿನೆಂಟು ಜನ, ಪೀಟಿ ಸಾರ್‌ಗೆ ಅಷ್ಟು ಜನ ಬೇಕಾಗಿತ್ತು. ಸ್ಕೂಲಿನ ಮಕ್ಕಳಿಗೆ ಪರೀಕ್ಷೆ. ನನ್ನ ಅಂಗಡಿಯಲ್ಲಿ ಕೂತು ಸೀಡಿ ನೋಡುತ್ತಿದ್ದ ಲೋಡಿನವರ ಕೈಗಳನ್ನು ಸಾರ್ ನೋಡಿದರು. ಅವರು ನೋಡಿದ್ದು ನನಗೆ ಕಂಡಿತು ಎನ್ನಲಾರೆ. ಆದರೆ ಮಾರನೆಯ ದಿನ ಗ್ಯಾಂಗಿನ ಎಂಟು ಜನ, ಅವರ ಜೊತೆಗೆ ಇನ್ನೊಂದು ಗ್ಯಾಂಗಿನ ಮೂವರು, ಗೆಟ್ಟವಾಡಿ ಕೆರೆಯ ಒಣ ಬಯಲಿನಲ್ಲಿ ಸಾಲಾಗಿ ನಿಂತಿದ್ದರು. ಒಟ್ಟು ಹನ್ನೊಂದು. ಮಿಕ್ಕ ಏಳು ಜನ ಬರುತ್ತಾರೆ ಎಂದು ಸಾರ್ ಕೊನೆಯವರೆಗೂ ಹೇಳುತ್ತಲೇ ಇದ್ದರು.

ಭಾವ ಹೋದದ್ದು ಆಟಕ್ಕಲ್ಲ. "ಕೈ ಸರೋದ್ರೆ ಸಾಕು ಕಣ್ಲಾ," ಅಂದ ನನಗೆ. "ಈ ಬೆಳ್ಳುಗಿರೋ ಜನ ಎಂಗ್ ಇಡಿತಾರೆ ಅಂತ ನೋಡ್ದಲ್ಲ, ಒಂದೂ ಬೀಳಕಿಲ್ಲ."

ಅಕ್ಕ ನನ್ನನ್ನು ಕರೆದು ಬೇರೆಯೇ ಹೇಳಿದಳು. "ಎಗರ್ಬ್ಯಾಡ ಅಂತ ಯೋಳ್ಲಾ ನಿಮ್ ಬಾವುಂಗೆ. ಬೆನ್ ಇಡ್ಕಂಡ್ರೆ ಎಣ್ಣೆ ಉಜ್ಜೋಳು ನಾನು, ನಿಮ್ ಪೀಟಿ ಸಾರಲ್ಲ."

ಹೀಗಾಗಿ ನನಗೆ ಕಾವಲಿನ ಕೆಲಸ ಬಂತು. ನಾಲ್ಕು ಗಂಟೆಗೆ ಅಂಗಡಿಗೆ 'ಈಗ ಬರುತ್ತೇನೆ' ಎಂದು ಬೋರ್ಡು ನೇತುಹಾಕಿ ಹಳೆಯ ಮೊಪೆಡ್ಡಿನಲ್ಲಿ ಗೆಟ್ಟವಾಡಿಗೆ ಹೋಗುತ್ತಿದ್ದೆ. ಓಡದೆ, ಹಿಡಿಯದೆ, ಒದೆಯದೆ, ಜಾಲಿಮರದ ಕೆಳಗೆ ಕೂತು ನೋಡುತ್ತಿದ್ದೆ. ಅಂಗಡಿಯಲ್ಲೂ ಆ ತಾಲೀಮು, ಬಯಲಿನಲ್ಲೂ ಆ ತಾಲೀಮು. ಈಗ ನೆನೆಸಿಕೊಂಡರೆ ಎರಡೂ ಕಲಸಿಹೋಗಿವೆ. ಆಸ್ಟ್ರೇಲಿಯಾದ ಹಸಿರು ಮೈದಾನದ ಅಂಚಿನಲ್ಲಿ ನಮ್ಮ ಕಡೆಯ ಆಡುಗಳು ಮೇಯುತ್ತಿರುತ್ತವೆ. ಕೆರೆಬಯಲಿನ ಕೆಂಪು ಧೂಳಿನಲ್ಲಿ ಹಳದಿ ಕೂದಲಿನವರು ಓಡುತ್ತಿರುತ್ತಾರೆ. ಬಿಡಿಸಲು ನೋಡಿದೆ, ಆಗಲಿಲ್ಲ. ಬಿಡಿಸದೆಯೇ ಬರೆಯೋಣವೆಂದರೆ ಓದುವವರು ಬೈಯುತ್ತಾರೆ.

ಸೀಡಿಯಲ್ಲಿ ಇದ್ದದ್ದು ಇಷ್ಟು. ತೋಳಿಲ್ಲದ ಅಂಗಿ, ಪುಟ್ಟ ಚಡ್ಡಿ ಹಾಕಿದ ದೊಡ್ಡ ಗಂಡಸರು. ಸಾಲಾಗಿ ನಿಲ್ಲುತ್ತಾರೆ. ಸರದಿ ಬಂದವನು ಓಡುತ್ತಾನೆ, ಎದುರಿನಿಂದ ಯಾರೋ ಒದ್ದ ಚೆಂಡನ್ನು ಎದೆಗೆ ಅವುಚಿ ಹಿಡಿಯುತ್ತಾನೆ, ಮುಷ್ಟಿಯಿಂದ ಗುದ್ದಿ ಮುಂದಿನವನಿಗೆ ಕೊಡುತ್ತಾನೆ, ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಇನ್ನೊಬ್ಬ ಓಡುತ್ತಾನೆ, ಮತ್ತೆ ಚಪ್ಪಾಳೆ. ದಪ್ಪ ಮೆತ್ತೆಗಳನ್ನು ಅಪ್ಪಿಕೊಂಡು ಉರುಳುತ್ತಾರೆ. ನೀರು ಕುಡಿಯುತ್ತಾರೆ. ಕುಡಿಯುತ್ತಲೇ ಇರುತ್ತಾರೆ.

"ಮೂಗುಕ್ ಯಾಕ್ಲಾ ಸುಣ್ಣ ಬಳ್ಕಂಡವ್ನೆ ಅವ್ನು?"

"ಬಿಸ್ಲುಗಂತೆ ಬಾವ."

"ಈ ಬಿಸ್ಲುಗೇ ಮೂಗು ಬೇಯ್ತದೆ ಅನ್ನದಾದ್ರೆ ನಮ್ ಮೇಸ್ತ್ರಿ ಮೂಗು ಇಷ್ಟೊತ್ಗೆ ಉದ್ರೋಗ್ಬೇಕಿತ್ತು."

ಸೀಡಿ ಒಂದು ಜಾಗದಲ್ಲಿ ನಿಂತುಬಿಡುತ್ತಿತ್ತು. ಒಬ್ಬ ಇನ್ನೊಬ್ಬನ ಬೆನ್ನಿನ ಮೇಲೆ ಮಂಡಿಯೂರಿ ಮೇಲಕ್ಕೆ ಹಾರಿ ಚೆಂಡಿಗೆ ಕೈ ಚಾಚಿರುತ್ತಾನೆ, ಅಲ್ಲಿಗೆ ಚಿತ್ರ ಚೌಕ ಚೌಕವಾಗಿ ಒಡೆದು ಗಟ್ಟಿಯಾಗುತ್ತಿತ್ತು. ಮುಂದೆ ಹೋಗುತ್ತಿರಲಿಲ್ಲ. ಪ್ಲೇಯರಿನ ತಲೆಗೆ ಎರಡು ಏಟು ಹಾಕಿದರೂ ಇಲ್ಲ. ಗೀರು ಬಿದ್ದ ಸೀಡಿಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜುವುದು ಆಗ ಎಲ್ಲ ಅಂಗಡಿಯವರೂ ಮಾಡುತ್ತಿದ್ದ ವೈದ್ಯ. ನಾನೂ ಮಾಡಿದೆ. ಈಗ ಸಮಸ್ಯೆಯೆಂದರೆ, ಗೀರು ಮೊದಲೇ ಇತ್ತೋ, ನನ್ನ ಉಜ್ಜುವಿಕೆಯಿಂದ ಬಂತೋ? ಮೊದಲೇ ಇತ್ತು ಎಂದು ಇಪ್ಪತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಇರಲಿಲ್ಲವಾದರೆ ಪೇಸ್ಟ್ ತಂದದ್ದು ಯಾಕೆ ಎಂದು ನಾನೇ ತಿರುಗಿ ಕೇಳಬಹುದು. ಗೀರೇ ಇಲ್ಲದ ಸೀಡಿಗೂ ಮುನ್ನೆಚ್ಚರಿಕೆಯೆಂದು ಪೇಸ್ಟ್ ಹಚ್ಚುತ್ತಿದ್ದ ಕಾಲ ಅದು ಎನ್ನುವುದಕ್ಕೆ ಮಾತ್ರ ಉತ್ತರವಿಲ್ಲ.

ಗೀರಿನ ಆಚೆ ಏನಿತ್ತೋ ನಾವು ನೋಡಲಿಲ್ಲ. ಅಲ್ಲಿ ಪಂದ್ಯವಿತ್ತೋ ಏನೋ. ನಮಗೆ ಸಿಕ್ಕಿದ್ದು ತಾಲೀಮು, ನಾವು ಕಲಿತದ್ದು ತಾಲೀಮು.

ಬಯಲಿನ ಎರಡು ಕಡೆಗೂ ನಾಲ್ಕು ನಾಲ್ಕು ನೀಲಗಿರಿ ಮರದ ಗಳ, ಅಂದರೆ ಉದ್ದ ಕಂಬ, ನೆಟ್ಟರು. ಚೆಂಡನ್ನು ಒದ್ದು ಅವುಗಳ ನಡುವೆ ದಾಟಿಸಬೇಕು. ದನ ಹೊಡೆದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ನಿಂತು, "ಯಾರ್ ಮನೆ ಮದ್ವೆ ಚಪ್ರಲಾ?" ಎಂದರು. ಎರಡು ದಿನ ಬಿಟ್ಟು ಮತ್ತೆ ಬಂದು, "ಗರಿ ಒದ್ಸಕಿಲ್ವಾ ಇನ್ನೂವೆ?" ಎಂದರು. ಅಪ್ಪಿ ಉರುಳುವುದಕ್ಕೆ ಮೆತ್ತೆ ಇರಲಿಲ್ಲವಾಗಿ ಗೊಬ್ಬರದ ಚೀಲಕ್ಕೆ ರಾಗಿ ಹುಲ್ಲು ತುಂಬಿದರು. ಒಂದು ವಾರದಲ್ಲಿ ಆಡುಗಳು ಆ ಚೀಲದ ಎದುರಾಳಿಗಳನ್ನು ತಿಂದು ಮುಗಿಸಿದವು.

ಸಾರ್ ಹೇಳಿಕೊಟ್ಟ ನಿಯಮಗಳು ಮೂರು. ಚೆಂಡನ್ನು ಎಸೆಯುವಂತಿಲ್ಲ, ಗುದ್ದಬೇಕು ಇಲ್ಲವೇ ಒದೆಯಬೇಕು. ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮುಂಚೆ ಯಾರಾದರೂ ಹಿಡಿದರೆ ಸೀಟಿ. ಸೀಟಿ ಆದಮೇಲೆ ಹಿಡಿದವನನ್ನು ಯಾರೂ ಮುಟ್ಟುವಂತಿಲ್ಲ, ಅವನು ನಿಂತು ಉಸಿರು ತೆಗೆದುಕೊಂಡು ನೋಡಿ ಒದೆಯಬಹುದು.

ಮೂರೂ ನಿಯಮಗಳು ನಮ್ಮ ಕೋಸಿನವರ ಕಸುಬಿಗೆ ತದ್ವಿರುದ್ಧ. ಮೊದಲ ದಿನ ಸಾರ್ ಒದ್ದ ಚೆಂಡು ಭಾವನ ಕೈಗೆ ಬಂತು. ಸದ್ದೇ ಇಲ್ಲ. ಕಣ್ಣು ಮಿಟುಕಿಸುವುದರೊಳಗೆ ಅದು ಅವನ ಎಡಗಡೆಯಿಂದ ಹಾರಿ ಜಾಲಿ ಪೊದೆಗೆ ಹೋಗಿ ಬಿತ್ತು.

"ಎಡ್ಗಡೆ ಯಾರಪ್ಪಾ ಇದಾರೆ?" ಸಾರ್ ಕೇಳಿದರು.

"ಯಾರೂ ಇಲ್ಲ ಸಾ."

"ಮತ್ತೆ ಯಾರ್‌ಗ್ ಕೊಟ್ಟೆ?"

"ಕೈ ಕೊಟ್ಬುಡ್ತು ಸಾ. ಅಬ್ಯಾಸ."

ಹತ್ತು ದಿನ ಇದೇ ಕತೆ. ಹನ್ನೊಂದು ಜನರೂ ಹಿಡಿದದ್ದನ್ನು ಎಡಕ್ಕೆ ಎಸೆಯುತ್ತಿದ್ದರು, ಇಲ್ಲದ ಲಾರಿಯ ಮೇಲೆ ಇಲ್ಲದವನಿಗೆ. ಪೊದೆಯಿಂದ ಚೆಂಡು ತೆಗೆಯಲು ಮೇಸ್ತ್ರಿ ಒಂದು ದೋಟಿ ಇಟ್ಟುಕೊಂಡರು. ಸಾರ್ ಸೀಟಿ ಬಾಯಿಂದ ತೆಗೆಯದೆ ಕೂಗುತ್ತಿದ್ದರು. "ಇಡಿ! ನಿಲ್ಸು! ಎದೆಗ್ ಅವುಚ್ಕೋ! ಮಗು ಇಡ್ದಂಗೆ ಇಡಿ!"

"ಕೂಸ್ನ ಇಂಗ್ ಒದ್ದು ಕಳಿಸ್ತಾರಾ ಸಾ?" ಭಾವ ಕೇಳಿದ.

ನಿಲ್ಲಿಸುವುದನ್ನು ಭಾವ ಕಲಿತದ್ದು ಯಾವ ದಿನ ಎಂದು ತೋರಿಸಿ ಹೇಳಲಾರೆ. ಅಂಥ ದಿನಗಳನ್ನು ಕತೆ ಹೇಳುವವರು ಆಮೇಲೆ ಹುಟ್ಟಿಸುತ್ತಾರೆ. ಒಂದು ಸಂಜೆ ನೋಡುತ್ತೇನೆ, ಚೆಂಡು ಅವನ ಎದೆಯಲ್ಲಿದೆ, ಅವನು ಸುಮ್ಮನೆ ನಿಂತಿದ್ದಾನೆ. ಸಾರ್ ಸೀಟಿ ಊದಿದರು. ಭಾವ ಅತ್ತಿತ್ತ ನೋಡಿದ, ಚೆಂಡನ್ನು ನೋಡಿದ, ಒಮ್ಮೆ ಉದ್ದಕ್ಕೆ ಉಸಿರು ಬಿಟ್ಟ. ಆಮೇಲೆ ಒದ್ದ. ಚಪ್ಪಾಳೆ.

ಮನೆಗೆ ಬಿಡಲು ಹೋಗುವಾಗ ಮೊಪೆಡ್ಡಿನ ಹಿಂದೆ ಕೂತು ಹೇಳಿದ. "ಯಾಕ್ ಬೀಳ್ತಿತ್ತು ಗೊತ್ತಾ ಕೋಸು? ಒಂದ ಇಡಿಯಾಗ ಇನ್ನೊಂದ್ರು ಮ್ಯಾಲೆ ಕಣ್ ಓಗ್ಬುಡ್ತಿತ್ತು. ಇಲ್ಲಿ ಇನ್ನೊಂದು ಬರಕಿಲ್ಲ. ಒಂದೇ ಚೆಂಡು."

ಬೆನ್ನಿಗಾಗಿ ಅವನು ಹಾರುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಮೇಲಿಂದ ಬರುವ ವಸ್ತು ಎಲ್ಲಿ ಬೀಳುತ್ತದೆ ಎಂಬುದು ಅವನಿಗೆ ಎಸೆದವನಿಗಿಂತ ಮೊದಲೇ ತಿಳಿಯುತ್ತಿತ್ತು. ನಿಧಾನಕ್ಕೆ ನಡೆದು ಹೋಗಿ ಅಲ್ಲಿ ನಿಲ್ಲುತ್ತಿದ್ದ. ಚೆಂಡೇ ಅವನನ್ನು ಹುಡುಕಿಕೊಂಡು ಬಂದ ಹಾಗೆ ಕಾಣುತ್ತಿತ್ತು. ನಾನು ಲೆಕ್ಕವಿಟ್ಟ ಒಂದು ವಾರದಲ್ಲಿ ಒಂದನ್ನೂ ಬೀಳಿಸಲಿಲ್ಲ. ಮೇಸ್ತ್ರಿ ಇದನ್ನು ನೋಡುತ್ತಿದ್ದರು. ದೋಟಿ ಊರಿಕೊಂಡು ನಿಂತಿರುತ್ತಿದ್ದರು.

ಅಷ್ಟರಲ್ಲಿ ಬಯಲಿನ ಅಂಚಿನಲ್ಲಿ ನೋಡುವವರ ಗುಂಪೂ ಬೆಳೆದಿತ್ತು. ಅರಿಸಿನದ ಕೆಲಸ ಮುಗಿಸಿ ಬರುವ ಹೆಂಗಸರು, ಕುರಿಯವರು, ಬಸ್ಸು ತಪ್ಪಿಸಿಕೊಂಡವರು. ಯಾರಿಗೂ ಆಟ ಗೊತ್ತಿಲ್ಲ, ತಾಲೀಮು ಮಾತ್ರ ಬಾಯಿಪಾಠ. "ಇವತ್ ಎರಡ್ನೇ ಸಾಲು ಸರಿಗಿಲ್ಲ," "ಚಪ್ಪಾಳೆ ಕಮ್ಮಿ ಆಯ್ತು," ಎಂದು ತೀರ್ಪು ಕೊಡುವಷ್ಟು. ಹೊತ್ತು ಮುಳುಗುವ ಮುಂಚೆ ಎಲ್ಲರೂ ಎದ್ದುಬಿಡುತ್ತಿದ್ದರು. ಆ ಹೊತ್ತಿನ ಮೇಲೆ ಆ ಬಯಲು ಆನೆಗಳದ್ದು.

ಯುಗಾದಿಗೆ ಒಂದು ವಾರ ಮುಂಚೆ ಕೊಯಮತ್ತೂರಿನಿಂದ ಒಂದು ಕಾಲೇಜು ತಂಡ ಆಡಲು ಬಂತು. ಅದರ ಕೋಚು ಪೀಟಿ ಸಾರ್ ಜೊತೆ ಕ್ಯಾಂಪಿನಲ್ಲಿದ್ದವರು. ದಿಂಬಂ ಘಾಟಿನ ಇಪ್ಪತ್ತೇಳು ತಿರುವು ಹತ್ತಿ ಬಂದ ವ್ಯಾನಿನಿಂದ ಹುಡುಗರು ಒಬ್ಬೊಬ್ಬರಾಗಿ ಇಳಿದು ನೆಲ ಹಿಡಿದು ಕೂತರು. ಅರ್ಧ ಜನ ಕಿಟಕಿಯಲ್ಲೇ ವಾಂತಿ ಮಾಡಿಕೊಂಡಿದ್ದರು. ನಮ್ಮ ಹೆಂಗಸರು ನಿಂಬೆಹಣ್ಣಿನ ಪಾನಕ ಕೊಟ್ಟು ಎಬ್ಬಿಸಿದರು. ಪಾಪ, ಇವರ ಜೊತೆ ಹೇಗೆ ಆಡುವುದು ಎಂದು ನಮ್ಮವರು ಮರುಗಿದರು. ಹದಿನೆಂಟು ಜನರ ಮಾತು ಅವರೂ ಎತ್ತಲಿಲ್ಲ. ಎದ್ದು ನಿಲ್ಲಲು ಆದ ಹನ್ನೊಂದು ಜನ ಎದ್ದರು.

ಸೀಟಿ ಆಯಿತು. ಚೆಂಡು ಮೇಲೆ ಹೋಯಿತು. ನಮ್ಮವರು ಸಾಲಾಗಿ ನಿಂತರು.

ಇದನ್ನು ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಅಕ್ಕ, ಮೇಸ್ತ್ರಿ, ಪೀಟಿ ಸಾರ್, ಯಾರನ್ನು ಕೇಳಿದರೂ ಈ ಒಂದು ವಿಷಯದಲ್ಲಿ ಎಲ್ಲರದೂ ಒಂದೇ ಮಾತು. ಹನ್ನೊಂದು ಜನ ಬಯಲಿನ ನಡುವೆ ಒಬ್ಬರ ಹಿಂದೆ ಒಬ್ಬರು ಅಚ್ಚುಕಟ್ಟಾಗಿ ನಿಂತು ತಮ್ಮ ಸರದಿಗೆ ಕಾದರು. ಕೊಯಮತ್ತೂರಿನ ಹುಡುಗ ಚೆಂಡು ಎತ್ತಿಕೊಂಡು ಇವರ ಪಕ್ಕದಲ್ಲೇ ಓಡಿ ಹೋಗಿ ಒದ್ದು ಗಳಗಳ ನಡುವೆ ದಾಟಿಸಿದ. ನಮ್ಮವರು ಚಪ್ಪಾಳೆ ತಟ್ಟಿದರು. ಅಂಚಿನಲ್ಲಿದ್ದ ಹೆಂಗಸರೂ ತಟ್ಟಿದರು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಸಾಲಿನ ಮುಂದಿದ್ದ ಮೇಸ್ತ್ರಿ ತಿರುಗಿ ಕೇಳಿದರು.

"ಸಾ, ನಮ್ಗ್ಯಾವಾಗ ಕೊಡ್ತಾರೆ?"

"ಕೊಡಲ್ಲ ಕಣ್ರಪ್ಪಾ! ಕಿತ್ಕಬೇಕು!"

"ಕಿತ್ಕಬೇಕಾ? ಇದ ಯಾವತ್ತೂ ಯೋಳ್ಲಿಲ್ವಲ್ಲ!"

ಸಾರ್ ಮುಖ ಸಣ್ಣದು ಮಾಡಿಕೊಂಡರು. ಕ್ಯಾಂಪಿನಲ್ಲೂ ಆರು ದಿನ ತಾಲೀಮು, ಏಳನೆಯ ದಿನ ಪಂದ್ಯ ಇತ್ತಂತೆ. ಆ ಏಳನೆಯ ದಿನ ಸಾರ್ ಹೊಟ್ಟೆ ಕೆಟ್ಟು ರೂಮಿನಲ್ಲಿ ಮಲಗಿದ್ದರಂತೆ. ಎರಡು ತಂಡ, ಗೆಲುವು, ಸೋಲು ಎಂದು ಅವರಿಗೆ ಗೊತ್ತಿತ್ತು. ಆದರೆ ಇದ್ದ ಹನ್ನೊಂದು ಜನರಲ್ಲಿ ಎದುರಾಳಿಗಳನ್ನು ಎಲ್ಲಿಂದ ತರುವುದು, ಆಡುಗಳು ಬೇರೆ ಚೀಲ ತಿಂದುಬಿಟ್ಟವು, ಆಮೇಲೆ ಹೇಳಿದರಾಯಿತು ಎಂದು ಮುಂದೂಡುತ್ತಾ ಬಂದಿದ್ದರು. ಇದನ್ನು ಅವರು ಒಪ್ಪಿಕೊಂಡದ್ದು ಆ ದಿನವೇ ಅಲ್ಲ. ಎಷ್ಟೋ ತಿಂಗಳ ನಂತರ, ನನ್ನ ಅಂಗಡಿಯಲ್ಲಿ ಏನೋ ಜೆರಾಕ್ಸ್ ಮಾಡಿಸುವಾಗ. ಇಲ್ಲಿ ತಂದು ಸೇರಿಸಿದ್ದೇನೆ, ಕ್ಷಮೆಯಿರಲಿ.

ಕಿತ್ತುಕೊಳ್ಳಬೇಕು ಎಂದು ತಿಳಿದ ಮೇಲೆ ಬಯಲು ಬಯಲಾಗಿ ಉಳಿಯಲಿಲ್ಲ. ಲೋಡಿನವರ ಮೈ, ಕಾಲೇಜು ಹುಡುಗರ ಕಾಲು. ಧೂಳು. ಒಬ್ಬ ಹುಡುಗ ನಮ್ಮವನೊಬ್ಬನನ್ನು ಸೊಂಟ ಹಿಡಿದು ನೆಲಕ್ಕೆ ಕೆಡವಿದ. ಚೀಲವನ್ನು ಅಪ್ಪಿ ಉರುಳುವುದು ಯಾತಕ್ಕೆ ಎಂದು ನನಗೂ ಆಗ ಗೊತ್ತಾಯಿತು. ಅಂಚಿನಲ್ಲಿ ಕೂತಿದ್ದ ಅಕ್ಕನಿಗೂ ಗೊತ್ತಾಯಿತು. ಭಾವ ಎದುರು ಗಳಗಳ ಮುಂದೆ ನಿಂತಿದ್ದ. ಮೇಸ್ತ್ರಿ ಹೇಗೋ ಒದ್ದ ಚೆಂಡು ಅವನ ಕಡೆಗೆ ಏರಿ ಬರುತ್ತಿತ್ತು. ಇಬ್ಬರು ಹುಡುಗರು ಅವನ ಮೇಲೆ ಓಡಿ ಬರುತ್ತಿದ್ದರು.

ಅಕ್ಕ ಎದ್ದಳು. ಸೆರಗು ಸಿಕ್ಕಿಸಿಕೊಂಡು ಬಯಲಿನೊಳಕ್ಕೆ ನಡೆದೇಬಿಟ್ಟಳು. ಆ ಹುಡುಗರಿಗೆ ಕನ್ನಡ ಬರುವುದಿಲ್ಲವೆಂದು ತಮಿಳಿನಲ್ಲೇ ಗದರಿದಳು. ಅವನ ಬೆನ್ನು ಸರಿಯಿಲ್ಲ, ಅವನನ್ನು ಮುಟ್ಟಿದರೆ ನಿಮ್ಮನ್ನು ಈ ಬೆಟ್ಟ ಇಳಿಯಲು ಬಿಡುವುದಿಲ್ಲ, ಬೇಕಾದರೆ ಚೆಂಡು ತೆಗೆದುಕೊಳ್ಳಿ, ಗಂಡನನ್ನು ಬಿಡಿ. ಹುಡುಗರು ನಿಂತುಬಿಟ್ಟರು. ಆ ತಿರುವುಗಳ ಭಯ ಅವರ ಹೊಟ್ಟೆಯಲ್ಲಿ ಇನ್ನೂ ಇತ್ತು.

ಭಾವ ಎರಡು ಹೆಜ್ಜೆ ಹಿಂದೆ ಸರಿದು ಹಿಡಿದ. ಅವರ ಕೋಚು ಅಕ್ಕನನ್ನು ನೋಡುತ್ತಾ ಸೀಟಿ ಊದಿದರು. ಭಾವ ಹಾರಿ ಹಿಡಿದ ಎಂದು ನನ್ನ ಕಣ್ಣಲ್ಲಿದೆ. ಹಾರಲಿಲ್ಲ, ಹಾರಿದ್ದರೆ ಅವತ್ತೇ ಕಾಲು ಮುರಿಯುತ್ತಿದ್ದೆ ಅನ್ನುತ್ತಾಳೆ ಅಕ್ಕ. ಅವಳು ಹತ್ತಿರದಲ್ಲಿದ್ದಳು, ನಾನು ಜಾಲಿಮರದ ಕೆಳಗೆ. ಆದರೂ ನನ್ನ ಕಣ್ಣಿನ ಭಾವ ಕೆಳಗೆ ಇಳಿಯಲು ಒಪ್ಪುತ್ತಿಲ್ಲ.

ಅಲ್ಲಿಂದ ಮುಂದೆ ಆ ಹುಡುಗರು ಅವನನ್ನು ರಸ್ತೆಯಲ್ಲಿ ನಿಂತ ಹಸುವಿನ ಹಾಗೆ ಸುತ್ತಿಬಳಸಿ ಹೋದರು. ಮೂರು ಸಲ ಹಿಡಿದ, ಮೂರು ಸಲವೂ ಸೀಟಿ, ಮೂರು ಸಲವೂ ನಿಧಾನವಾಗಿ ಒದ್ದ, ಅದರಲ್ಲಿ ಒಂದು ಸಲ ಚೆಂಡು ಗಳಗಳ ನಡುವೆ ಹೋಯಿತು. ಒಟ್ಟು ಎಷ್ಟಕ್ಕೆ ಸೋತೆವೋ ಗೊತ್ತಿಲ್ಲ. ಬರೆದುಕೊಳ್ಳಲು ಕೂರಿಸಿದ್ದವನು ನಡುವೆಯೇ ಟೀಗೆ ಎದ್ದು ಹೋಗಿದ್ದ.

ಅವರು ಹೋದಮೇಲೆ ತಾಲೀಮು ನಡೆಯಲಿಲ್ಲ. ಯುಗಾದಿ ಬಂತು, ಹೋಯಿತು. ದೊಡ್ಡ ಲೋಡು ಶುರುವಾಯಿತು.

ಆ ಬೆಳಿಗ್ಗೆ ನಾನು ಅಲ್ಲಿದ್ದೆ. ಇರಲಿಲ್ಲ ಅನ್ನುತ್ತಾಳೆ ಅಕ್ಕ. ನೀನು ಅಂಗಡಿಯಲ್ಲಿದ್ದೆ, ನಿನಗೆ ಎಲ್ಲ ಹೇಳಿದ್ದು ನಾನೇ ಎಂದು. ಇರಬಹುದು. ಆದರೆ ಕೊಯ್ದ ಕೋಸಿನ ಹಸಿ ವಾಸನೆ, ಇಬ್ಬನಿ ಹಿಡಿದ ಲಾರಿಯ ಹಲಗೆ, ಡ್ರೈವರು ಬೀಡಿ ಸೇದುತ್ತಾ ಟೈರು ಒದ್ದು ನೋಡಿದ್ದು, ಇವನ್ನೂ ಅವಳೇ ಹೇಳಿದಳೇ?

ಭಾವ ಹಲಗೆ ಹತ್ತಿ ನಿಂತ. ಮೇಸ್ತ್ರಿ ಎಂದಿನ ಹಾಗೆ ಅವನ ಸಾಲಿನ ರಾಶಿಯ ಹತ್ತಿರ ಬಗ್ಗಿದರು. ಮೊದಲ ಕೋಸು ಮೇಲೆ ಹೋಯಿತು. ಭಾವ ಹಿಡಿದ. ಎದೆಗೆ ಅವುಚಿಕೊಂಡ. ನಿಂತ.

"ಏನ್ಲಾ, ಬುಡ್ಲಾ ಅದ!" ಎಸೆಯುವವನು ಮುಂದಿನ ಕೋಸನ್ನು ಕೈಯಲ್ಲಿ ಹಿಡಿದು ಕೂಗಿದ.

ಭಾವ ಬೆಚ್ಚಿ ಅದನ್ನು ಎಡಗಡೆ ಜೋಡಿಸುವವನಿಗೆ ಕೊಟ್ಟ. ಮುಂದಿನದು ಬಂತು. ಮತ್ತೆ ಅವುಚಿಕೊಂಡ, ಮತ್ತೆ ಒಂದು ಉಸಿರು ನಿಂತ. ಎರಡು ತಿಂಗಳು ಕಲಿತದ್ದನ್ನು ಕೈ ಬಿಡಲು ಒಲ್ಲೆನೆನ್ನುತ್ತಿತ್ತು.

"ಸೀಟಿ ಊದ್ಲಾ?" ಜೋಡಿಸುವವನು ಕೇಳಿದ. ಎಲ್ಲರೂ ನಕ್ಕರು. ಮೇಸ್ತ್ರಿ ನಗಲಿಲ್ಲ.

ಪಕ್ಕದ ಸಾಲು ಓಡುತ್ತಿತ್ತು, ಭಾವನ ಸಾಲು ನಡೆಯುತ್ತಿತ್ತು. ಲಾರಿಯ ಒಂದು ಮಗ್ಗುಲು ಏರಿತು, ಒಂದು ಮಗ್ಗುಲು ತಗ್ಗಾಗಿ ಉಳಿಯಿತು. ಡ್ರೈವರು ಬಂದು ನೋಡಿ ತಮಿಳಿನಲ್ಲಿ ಬೈದು ಹೋದ. ಬಿಸಿಲು ಏರಿತು. ಭಾವ ಒಂದೊಂದನ್ನೇ ನೋಡಿ, ಹಿಡಿದು, ನಿಲ್ಲಿಸಿ, ಕೊಡುತ್ತಿದ್ದ. ಅವನ ಬೆವರು ಹಲಗೆಯ ಮೇಲೆ ಬೀಳುತ್ತಿತ್ತು. ಕೋಸು ಬೀಳುತ್ತಿರಲಿಲ್ಲ. ಬೇಗ ಬೇಗ ಮಾಡಲು ಎರಡು ಸಲ ಪ್ರಯತ್ನಪಟ್ಟನಂತೆ, ಎರಡು ಸಲವೂ ಬೆರಳ ತುದಿಯಲ್ಲಿ ಜಾರಿ ಹೇಗೋ ಸಿಕ್ಕಿತಂತೆ. ಮತ್ತೆ ಬೇಗ ಮಾಡಲು ಹೋಗಲಿಲ್ಲ.

ಅಕ್ಕ ಬುತ್ತಿ ತಂದವಳು ರಾಶಿಯ ಪಕ್ಕದಲ್ಲೇ ನಿಂತಿದ್ದಳು, ಬುತ್ತಿ ಇಳಿಸದೆ.

ಮೇಸ್ತ್ರಿ ಸೊಂಟ ನೆಟ್ಟಗೆ ಮಾಡಿ ಎದ್ದರು. ಮೇಲೆ ನೋಡಿದರು. ಪಕ್ಕದ ಸಾಲು ನೋಡಿದರು.

"ಲೋಡ್ ತುಂಬಕೆ ಒತ್ತಾಯ್ತದೆ ಕಣ್ಲಾ," ಅಂದರು.

ಭಾವನ ಕೈಯಲ್ಲಿ ಒಂದು ಕೋಸಿತ್ತು. ಅದನ್ನು ಕೊಟ್ಟು ಇಳಿಯುವುದೋ, ಹಿಡಿದುಕೊಂಡೇ ಇಳಿಯುವುದೋ ಎನ್ನುವ ಹಾಗೆ ನಿಂತಿದ್ದ.

ಉತ್ತರ ಕೊಟ್ಟವನು ಎಸೆಯುವವನು. ಅವನು ಕೋಸು ಕೆಳಗಿಟ್ಟು ತಲೆಗೆ ಕಟ್ಟಿದ್ದ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ. "ಆಗ್ಲಿ ಬುಡಿ ಮೇಸ್ತ್ರಿ. ಇವತ್ತು ಬೆಳ್ಗಿಂದ ಕೋಸು ಬೀಳ್ತದೆ ಅಂತ ಒಂದ್ ದಪನೂ ತಲೆ ಮ್ಯಾಲೆ ಕೈ ಇಟ್ಕಂಡಿಲ್ಲ ನಾನು. ನಡುವ್ ನಡುವೆ ಉಸ್ರು ಬುಡಕೂ ಸಿಕ್ತದೆ."

"ನಿಮ್ ಸೊಂಟವೂ ನೆಟ್ಟಗದೆ ಇವತ್ತು," ಅಂದ ಇನ್ನೊಬ್ಬ, ಮೇಸ್ತ್ರಿಯನ್ನು ನೋಡುತ್ತಾ. "ದಿನಾ ಈ ಒತ್ಗೆ ಗೂನಾಗೋಗಿರ್ತಿದ್ರಿ."

"ನನ್ ಸೊಂಟುದ್ ಪಂಚಾಯ್ತಿ ನಿಂಗ್ಯಾಕ್ಲಾ?"

ಲಾರಿಯ ಮುಂದಿನಿಂದ ಹಾರನ್ನು ಬಂತು. ಉದ್ದಕ್ಕೆ, ಎರಡು ಸಲ. ಮೇಸ್ತ್ರಿ ಅತ್ತ ತಿರುಗಿ, ಇನ್ನೂ ಹೊತ್ತಾಗುತ್ತದೆ, ಊರೊಳಗೆ ಹೋಗಿ ಊಟ ಮಾಡಿಕೊಂಡು ಬಾ ಎಂದು ಡ್ರೈವರಿಗೆ ತಮಿಳಿನಲ್ಲಿ ಕೂಗಿ ಹೇಳಿದರು. ಬಗ್ಗಿ, ರಾಶಿಯಿಂದ ಇನ್ನೊಂದು ಕೋಸು ಎತ್ತಿ ಎಸೆಯುವವನ ಕೈಗೆ ಕೊಟ್ಟರು.

ಅಕ್ಕ ಬುತ್ತಿ ಇಳಿಸಿದಳು.